ದುಬಲಗುಂಡಿಯ ಬಿಸಿಲು, ಕಾರಿನ ತಂಪು

ವೈಶಾಖದ ಬಿಸಿಲಿನ ನಿಜವಾದ ಗುಣವನ್ನು ಅರಿಯಬೇಕೆನ್ನುವವರು ಏರುಹೊತ್ತಿನಲ್ಲಿ ಕಲಬುರಗಿಯನ್ನು ಬಿಟ್ಟು ಬೀದರಿನ ದಾರಿ ಹಿಡಿಯಬೇಕು. ಎರಡೂ ಕಡೆ ತೊಗರಿಯ ರಾಶಿ ಮುಗಿದು ಬರಿದಾದ ಹೊಲಗಳು; ಅಲ್ಲೊಂದು ಇಲ್ಲೊಂದು ಬೇವಿನ ಮರ; ಎದುರಿಗೆ ಟಾರು ರಸ್ತೆಯ ಮೇಲೆ ನೀರು ನಿಂತಂತೆ ತೋರಿ, ನಾವು ಹತ್ತಿರ ಹೋದಂತೆಲ್ಲ ಮುಂದೆ ಮುಂದೆ ಓಡುವ ಬಿಸಿಲ್ಗುದುರೆ. ಇಂಥ ದಾರಿಯಲ್ಲಿ, ಇಪ್ಪತ್ತು ವರ್ಷ ದಾಟಿದ ನಮ್ಮ ಕಾರಿನಲ್ಲಿ, ಎಪ್ಪತ್ತೆಂಟು ವಯಸ್ಸಿನ ನಮ್ಮ ಅವ್ವನನ್ನು ಕೂಡಿಸಿಕೊಂಡು ನಾವು ದಂಪತಿಗಳು ಕಳೆದ ಬೇಸಿಗೆಯಲ್ಲಿ ಹೊರಟೆವು.

ಹೊರಟದ್ದು ಹುಮನಾಬಾದ ತಾಲೂಕಿನ ದುಬಲಗುಂಡಿಗೆ. ಅಲ್ಲಿ ಅವ್ವನ ಅಕ್ಕ, ಅಂದರೆ ನಮ್ಮ ದೊಡ್ಡವ್ವ ಇದ್ದಾಳೆ. ಎರಡೂ ಕಣ್ಣಿಗೆ ಪೊರೆ ಬಂದು, ಎದುರಿಗೆ ನಿಂತವರನ್ನು ದನಿಯಿಂದಲೇ ಗುರುತಿಸಬೇಕಾದ ಸ್ಥಿತಿ. ಕಲಬುರಗಿಗೆ ಬಂದು ಶಸ್ತ್ರಕ್ರಿಯೆ ಮಾಡಿಸಿಕೊ ಎಂದರೆ ಎರಡು ಸಲ ಒಪ್ಪಿ ಎರಡು ಸಲವೂ ತಪ್ಪಿಸಿದ್ದಳು. ಹಿಂದಿನ ಬೇಸಿಗೆಯಲ್ಲಿ ಬಸ್ಸಿನಲ್ಲಿ ಬರುವಾಗ ಬಿಸಿಲಿಗೆ ಬವಳಿ ಬಂದು ಬಿದ್ದದ್ದೇ ಅದಕ್ಕೆ ಕಾರಣ. ನಸುಕಿನಲ್ಲಿ ಹೊರಟರಾಗದೇ ಎಂದರೆ, ಲಿಂಗಪೂಜೆ ಮುಗಿಸದೆ ಹೊಸ್ತಿಲು ದಾಟುವ ಅಭ್ಯಾಸ ಆಕೆಗಿಲ್ಲ. ಪೂಜೆ ಮುಗಿಯುವ ಹೊತ್ತಿಗೆ ಬಿಸಿಲು ಏರಿರುತ್ತದೆ. ಕೊನೆಗೆ ಅವ್ವ ಫೋನಿನಲ್ಲಿ, “ನನ್ನ ಮಗನ ಗಾಡ್ಯಾಗ ಥಂಡಗಾಳಿ ಅದ, ನಾನೇ ಕರಿಯಾಕ ಬರತೀನಿ” ಎಂದು ಮಾತು ಕೊಟ್ಟುಬಿಟ್ಟಿದ್ದಳು. ಆ ಮಾತಿನ ಭಾರವೆಲ್ಲ ನಮ್ಮ ಹಳೆಯ ಕಾರಿನ ಮೇಲೆ ಬಿದ್ದಿತ್ತು.

ಕಾರಿನ ತಂಪುಯಂತ್ರದ ವಿಷಯ ನನಗೆ ಮೊದಲೇ ಅಳುಕಿತ್ತು. ಮುಂಜಾನೆ ಚೆನ್ನಾಗಿ ತಂಪು ಕೊಡುವುದು, ಮಧ್ಯಾಹ್ನ ಕೈಕೊಡುವುದು ಅದರ ಚಾಳಿಯಾಗಿತ್ತು. ನಗರದ ಒಂದು ಕಾರ್ಖಾನೆಯಲ್ಲಿ ತೋರಿಸಿದಾಗ ಮೊದಲು ಗ್ಯಾಸು ತುಂಬಿದರು. ಎರಡನೆಯ ಸಲ, ಕಂಪ್ರೆಸರೇ ಹೋಗಿದೆ, ಹೊಸದನ್ನು ಹಾಕಬೇಕೆಂದರು. ಅವರು ಹೇಳಿದ ಬೆಲೆ ಕೇಳಿ, ಸಂಬಳದ ದಿನ ಬರಲಿ ಎಂದು ನಾನು ಹಿಂದಿರುಗಿದ್ದೆ.

ಕಮಲಾಪುರ ದಾಟಿದ ಮೇಲೆ

ಕಮಲಾಪುರದಲ್ಲಿ ನಿಂತು ಅಲ್ಲಿಯ ಹೆಸರಾಂತ ಕೆಂಪು ಬಾಳೆಹಣ್ಣು ಕೊಂಡೆವು. ಅಲ್ಲಿಯವರೆಗೆ ತಂಪು ಸುಖವಾಗಿತ್ತು. ಊರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಿಂಡಿಯಿಂದ ಬರುವ ಗಾಳಿ ಬೆಚ್ಚಗಾಯಿತು, ಆಮೇಲೆ ಬಿಸಿಯಾಯಿತು. ಕಿಟಕಿ ಇಳಿಸಿದರೆ ಒಲೆಯ ಬಾಯಿ ತೆರೆದಂತೆ. ನನ್ನ ಹೆಂಡತಿ ಟವೆಲ್ಲು ಒದ್ದೆ ಮಾಡಿ ಅವ್ವನ ತಲೆಗೆ ಹೊದಿಸಿದಳು. ತಿರುಗಿ ಹೋಗೋಣವೇ ಎಂದೆ. ಅವ್ವ ಕಣ್ಣು ಮುಚ್ಚಿಕೊಂಡೇ, “ಹ್ವಾದ್ರ ಅಕ್ಕಗ ಏನ ಹೇಳಲಿ?” ಎಂದಳು. ಮುಂದೆಯೇ ಹೋದೆವು.

ಹುಮನಾಬಾದು ಹಳೆಯ ಕೂಡುದಾರಿಯ ಊರು. ಪುಣೆಯಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯೂ ಕಲಬುರಗಿಯಿಂದ ಬೀದರಿಗೆ ಹೋಗುವ ಹೆದ್ದಾರಿಯೂ ಇಲ್ಲಿ ಸಂಧಿಸುತ್ತವೆ. ವೀರಭದ್ರೇಶ್ವರನ ಗುಡಿ, ಪಕ್ಕದ ಮಾಣಿಕನಗರದಲ್ಲಿ ಮಾಣಿಕಪ್ರಭುಗಳ ಸಂಸ್ಥಾನ. ಪಶ್ಚಿಮಕ್ಕೆ ಹೊರಟರೆ, ಒಂದು ಕಾಲಕ್ಕೆ ಚಾಲುಕ್ಯರ ರಾಜಧಾನಿಯಾಗಿ, ಹನ್ನೆರಡನೆಯ ಶತಮಾನದಲ್ಲಿ ಶರಣರ ನೆಲೆಯಾಗಿದ್ದ ಬಸವಕಲ್ಯಾಣ. 1956ರವರೆಗೆ ಈ ಸೀಮೆ ಹೈದರಾಬಾದು ರಾಜ್ಯದಲ್ಲಿತ್ತು. ಇಂದಿಗೂ ಇಲ್ಲಿಯ ಅಂಗಡಿಬೀದಿಯಲ್ಲಿ ಕನ್ನಡ, ಮರಾಠಿ, ದಖನಿ ಉರ್ದು ಮೂರೂ ಒಂದೇ ವಾಕ್ಯದಲ್ಲಿ ಕೂಡಿಕೊಂಡು ಬರುತ್ತವೆ. ನಾವು ಅಲ್ಲಿ ಒಂದು ಬೇವಿನ ನೆರಳಿಗೆ ಅರ್ಧ ತಾಸು ನಿಂತೆವು. ವಿಚಿತ್ರವೆಂದರೆ, ಮತ್ತೆ ಹೊರಟಾಗ ಹತ್ತು ನಿಮಿಷ ತಂಪು ಬಂತು, ಮತ್ತೆ ಹೋಯಿತು.

ದುಬಲಗುಂಡಿಯಲ್ಲಿ ದೊಡ್ಡವ್ವನದು ಮಣ್ಣಿನ ಮಾಳಿಗೆಯ ಮನೆ. ದಪ್ಪ ಗೋಡೆ, ಸಣ್ಣ ಕಿಟಕಿ. ಹೊರಗೆ ಬೆಂಕಿ ಸುರಿಯುತ್ತಿದ್ದರೂ ಒಳಗೆ ಕಾಲಿಟ್ಟೊಡನೆ ಮೈ ತಣ್ಣಗಾಯಿತು. ಅವ್ವ ಮಜ್ಜಿಗೆ ಕುಡಿದು ಚೇತರಿಸಿಕೊಂಡಳು. ದೊಡ್ಡವ್ವ ತಂಗಿಯ ಮುಖವನ್ನು ಎರಡೂ ಕೈಗಳಿಂದ ಸವರಿ ನೋಡಿ, ಹಣೆ ಇನ್ನೂ ಬಿಸಿಯಾಗಿರುವುದನ್ನು ತಿಳಿದು, “ಥಂಡಗಾಳಿ ಅಂದೀ?” ಎಂದು ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ. ವೈದ್ಯರು ಮರುದಿನ ಮಧ್ಯಾಹ್ನ ಮೂರು ಗಂಟೆಗೆ ಬರಹೇಳಿದ್ದರು.

ಟ್ರ್ಯಾಕ್ಟರಿನ ಮಿಸ್ತ್ರಿ

ದೊಡ್ಡವ್ವನ ಮೊಮ್ಮಗ ನನ್ನನ್ನು ರಸ್ತೆಯ ಮಗ್ಗುಲಿನ ಒಂದು ತಗಡಿನ ಶೆಡ್ಡಿಗೆ ಕರೆದುಕೊಂಡು ಹೋದ. ಟ್ರ್ಯಾಕ್ಟರುಗಳ ಬ್ಯಾಟರಿ, ಡೈನಮೋ, ದೀಪ ಇವುಗಳ ರಿಪೇರಿ ಅಲ್ಲಿಯ ಮಿಸ್ತ್ರಿಯ ಕಸುಬು. ಕಾರಿನ ತಂಪುಯಂತ್ರ ನಿನಗೆ ಗೊತ್ತೇ ಎಂದು ನಾನು ತುಸು ಸಂಶಯದಿಂದಲೇ ಕೇಳಿದೆ. ಆತ ನಕ್ಕು, “ಗ್ಯಾಸಿಂದು ನನಗ ಗೊತ್ತಿಲ್ರಿ ಸಾಹೇಬ್ರೆ. ಕರೆಂಟಿಂದು ಗೊತ್ತದ. ಅದು ಟ್ರ್ಯಾಕ್ಟರಿಗೊಂದು ಕಾರಿಗೊಂದು ಇರಂಗಿಲ್ಲ” ಎಂದ.

ಮೊದಲು ಆತ ಕೇಳಿದ್ದು ರೋಗಿಯ ಚರಿತ್ರೆಯನ್ನು. ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ, ತಣಿದ ಮೇಲೆ ತಿರುಗಿ ಬರುತ್ತದೆಯೇ ಎಂದು. ನಾನು ಹುಮನಾಬಾದಿನ ಬೇವಿನ ಮರದ ಕಥೆ ಹೇಳಿದೆ. “ಸೋರಿ ಹೋದ ಗ್ಯಾಸು ನೆಳ್ಳಾಗ ನಿಂತರ ತಿರುಗಿ ಬರಂಗಿಲ್ರಿ” ಎಂದನಾತ. ಅಷ್ಟು ಸರಳವಾದ ಮಾತು ನನಗಾಗಲಿ, ಗ್ಯಾಸು ತುಂಬಿದವರಿಗಾಗಲಿ ಹೊಳೆದಿರಲಿಲ್ಲ.

ಹಳೆಯ ಕಾರುಳ್ಳ ಓದುಗರಿಗೆ ಉಪಯೋಗವಾಗಬಹುದೆಂದು ಆತನ ಕ್ರಮವನ್ನು ಇಲ್ಲಿ ಬರೆಯುತ್ತೇನೆ. ಒಳಗಿನ ಬೀಸಣಿಗೆ ಎಲ್ಲ ವೇಗಗಳಲ್ಲಿಯೂ ತಿರುಗುತ್ತದೆಯೇ ಎಂದು ಮೊದಲು ನೋಡಿದ. ಅತಿ ವೇಗದಲ್ಲಿ ಮಾತ್ರ ತಿರುಗಿ, ಉಳಿದ ವೇಗಗಳಲ್ಲಿ ಸುಮ್ಮನಿದ್ದರೆ ಅದರ ರೆಸಿಸ್ಟರು ಸುಟ್ಟಿರುವುದು ಸಾಮಾನ್ಯ. ನಮ್ಮದು ಸರಿಯಾಗಿತ್ತು. ಆಮೇಲೆ ಬಾನೆಟ್ಟು ಎತ್ತಿ, ಇಂಜಿನು ನಡೆಯುತ್ತಿರುವಂತೆಯೇ ಕಂಪ್ರೆಸರಿನ ಮುಖವನ್ನು ತೋರಿಸಿದ. ಬೆಲ್ಟಿನೊಡನೆ ಹೊರಗಿನ ಗಾಲಿ ಸದಾ ತಿರುಗುತ್ತದೆ. ನಡುವಿನ ತಟ್ಟೆ ಮಾತ್ರ ತಂಪು ಬೇಕಾದಾಗಷ್ಟೇ ಅದಕ್ಕೆ ಅಂಟಿಕೊಂಡು ತಿರುಗಬೇಕು. ಅಂಟಿಸುವುದು ಒಂದು ವಿದ್ಯುತ್ಕಾಂತ. ಇದಕ್ಕೆ ಕ್ಲಚ್ಚು ಎನ್ನುತ್ತಾರೆ. ನಮ್ಮ ತಟ್ಟೆ ಅಲ್ಲಾಡದೆ ನಿಂತಿತ್ತು. ಅಂದರೆ ಕಂಪ್ರೆಸರು ಕೆಟ್ಟಿರಲಿಲ್ಲ. ಅದನ್ನು ಯಾರೂ ಕೆಲಸಕ್ಕೆ ಕರೆದೇ ಇರಲಿಲ್ಲ.

ಈ ಕ್ಲಚ್ಚಿನ ಬೆಲೆ ತಿಳಿಯಬೇಕಾದರೆ ಅದಿಲ್ಲದ ಕಾಲವನ್ನು ನೆನೆಯಬೇಕು. ಅಮೆರಿಕದ ಪ್ಯಾಕಾರ್ಡ್ ಕಂಪನಿ 1939ರಲ್ಲಿ ಷಿಕಾಗೋ ಪ್ರದರ್ಶನದಲ್ಲಿ ತಂಪುಯಂತ್ರವುಳ್ಳ ಕಾರನ್ನು ಜನರ ಮುಂದಿಟ್ಟಿತು. ಅದರಲ್ಲಿ ಕ್ಲಚ್ಚು ಇರಲಿಲ್ಲ. ಚಳಿಯಾದರೆ ಇಂಜಿನು ನಿಲ್ಲಿಸಿ, ಕೆಳಗಿಳಿದು, ಬೆಲ್ಟನ್ನೇ ಕಳಚಬೇಕಾಗಿತ್ತು!

ನಮ್ಮ ಕಾರಿನಲ್ಲಿ ಕ್ಲಚ್ಚಿಗೆ ವಿದ್ಯುತ್ತು ಹೋಗುವ ದಾರಿಯಲ್ಲಿ ಹಲವು ಚೌಕಿಗಳಿವೆ. ಫ್ಯೂಸು, ರಿಲೇ, ಒಳಗೆ ಹಿಮ ಕಟ್ಟದಂತೆ ತಡೆಯುವ ಥರ್ಮೋಸ್ಟಾಟು, ಗ್ಯಾಸು ತೀರ ಕಡಿಮೆಯಾದರೂ ಒತ್ತಡ ತೀರ ಏರಿದರೂ ಬಾಗಿಲು ಮುಚ್ಚುವ ಒತ್ತಡದ ಸ್ವಿಚ್ಚು. ಇವುಗಳಲ್ಲಿ ಯಾವುದು ತಡೆದರೂ ವಿದ್ಯುತ್ತು ಕ್ಲಚ್ಚನ್ನು ಮುಟ್ಟುವುದಿಲ್ಲ. ಒಂದೊಂದನ್ನೇ ಬಿಚ್ಚಿ ನೋಡುತ್ತ ಕೂತರೆ ದಿನ ಕಳೆಯುತ್ತದೆ. ಮಿಸ್ತ್ರಿ ಹಾಗೆ ಮಾಡಲಿಲ್ಲ. ಪರೀಕ್ಷೆಯ ದೀಪದ ಒಂದು ತುದಿಯನ್ನು ಬ್ಯಾಟರಿಯ ಋಣ ಧ್ರುವಕ್ಕೆ ಕಚ್ಚಿಸಿ, ಇನ್ನೊಂದನ್ನು ನೇರವಾಗಿ ಕ್ಲಚ್ಚಿನ ತಂತಿಗೆ ಮುಟ್ಟಿಸಿದ. ದೀಪ ಪ್ರಕಾಶಮಾನವಾಗಿ ಹೊತ್ತಿತು. “ಕರೆಂಟು ಇಲ್ಲೀತನಾ ಬಂದದ. ಅಂದ್ರ ಹಿಂದಿನ ಚೌಕ್ಯಾಗಿನವ್ರೆಲ್ಲಾ ಬೇಗುನಾ” ಎಂದ. ಒಂದೇ ಪರೀಕ್ಷೆಯಲ್ಲಿ ನಾಲ್ಕು ಆರೋಪಿಗಳು ಬಿಡುಗಡೆಯಾದರು. ಗ್ಯಾಸಿನ ಮೇಲಿನ ಸಂಶಯವೂ ಅವರೊಡನೆಯೇ ಹೊರಬಿತ್ತು.

ಕೂತ ಎತ್ತು

ಹಾಗಾದರೆ ವಿದ್ಯುತ್ತು ಬಂದರೂ ಕಾಂತವೇಕೆ ಎಳೆಯುತ್ತಿಲ್ಲ? ತಂತಿ ಬಿಡಿಸಿ ಕ್ಲಚ್ಚಿನ ಸುರುಳಿಯನ್ನು ಮೀಟರಿನಿಂದ ಅಳೆದ. ಮೂರೂವರೆ ಓಮಿಗೆ ಸ್ವಲ್ಪ ಹೆಚ್ಚು ತೋರಿಸಿತು, ಸುರುಳಿ ಸರಿಯಾಗಿತ್ತು. ಬಿಡಿಸಿದ ತಂತಿಯನ್ನು ಅಳೆದರೆ ಹನ್ನೆರಡು ವೋಲ್ಟಿಗೆ ಮೇಲಿತ್ತು. ನಗರದಲ್ಲಿಯೂ ಇಷ್ಟನ್ನೇ ಅಳೆದು, ವಿದ್ಯುತ್ತೂ ಇದೆ, ಸುರುಳಿಯೂ ಇದೆ, ಆದ್ದರಿಂದ ದೋಷ ಕಂಪ್ರೆಸರಿನದೆಂದು ತೀರ್ಪು ಕೊಟ್ಟಿದ್ದರು. ಅದನ್ನು ಹೇಳಿದೆ. ಮಿಸ್ತ್ರಿ ತಂತಿಯನ್ನು ತಿರುಗಿ ಜೋಡಿಸುತ್ತ, “ಕೂತ ಎತ್ತು ಎಲ್ಲಾ ಛಲೋನೇ ಕಾಣತಾವ್ರಿ. ನೊಗ ಹೂಡಿ ನೋಡಬೇಕು” ಎಂದ.

ನೊಗ ಹೂಡಿ ನೋಡುವುದೆಂದರೆ, ವಿದ್ಯುತ್ತು ಹರಿಯುತ್ತಿರುವಾಗಲೇ ಅಳೆಯುವುದು. ತಂತಿಯನ್ನು ಸೇರಿಸಿ, ತಂಪಿನ ಗುಂಡಿ ಒತ್ತಿಸಿ, ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಋಣ ಧ್ರುವದ ಮೇಲೆಯೂ ಇನ್ನೊಂದನ್ನು ಸುರುಳಿಯಿಂದ ಹೊರಬರುವ ಕಪ್ಪು ತಂತಿಯ ಮೇಲೆಯೂ ಇಟ್ಟ. ಕಪ್ಪು ತಂತಿಯೆಂದರೆ ಅರ್ಥಿಂಗು, ವಿದ್ಯುತ್ತು ಕೆಲಸ ಮುಗಿಸಿ ಮನೆಗೆ ಹಿಂದಿರುಗುವ ದಾರಿ. ಆ ದಾರಿ ಸರಾಗವಾಗಿದ್ದರೆ ಅಲ್ಲಿ ಕಾಲು ವೋಲ್ಟು ಸಹ ತೋರಿಸಬಾರದು. ಮೀಟರು ಏಳು ವೋಲ್ಟು ತೋರಿಸಿತು! ಕೊಟ್ಟ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮರಳುವ ದಾರಿಯ ತಿಕ್ಕಾಟದಲ್ಲಿಯೇ ಹಾಳಾಗುತ್ತಿತ್ತು. ಉಳಿದ ಶಕ್ತಿ ಮುಂಜಾನೆಯ ತಂಪಿನಲ್ಲಿ ಹೇಗೋ ತಟ್ಟೆಯನ್ನು ಎಳೆಯುತ್ತಿತ್ತು. ಇಂಜಿನು ಕಾದು ಸುರುಳಿಯೂ ಜೋಡಣೆಯೂ ಬಿಸಿಯಾದೊಡನೆ ಸೋಲುತ್ತಿತ್ತು.

ಕಪ್ಪು ತಂತಿಯ ಕೊನೆಯಲ್ಲಿ ಒಂದು ಸಣ್ಣ ಉಂಗುರ, ಅದನ್ನು ಕಂಪ್ರೆಸರಿನ ಮೈಗೆ ಬಿಗಿದ ಒಂದು ತಿರುಪು. ಬಿಚ್ಚಿದಾಗ ಉಂಗುರ ಹಸಿರುಗಟ್ಟಿ, ಅದರ ಕೆಳಗೆ ಬಿಳಿಯ ಹುಡಿ ಕೂತಿತ್ತು. ಮಿಸ್ತ್ರಿ ನನ್ನ ಮುಖ ನೋಡಿ, “ಇಂಜಿನ್ ಮ್ಯಾಲೆ ನೀರು ಹೊಡಸ್ತೀರೇನ್ರಿ?” ಎಂದು ಕೇಳಿದ. ಹೌದು. ಪ್ರತಿ ತಿಂಗಳೂ, ಕಾರು ಹೊಸದಾಗಿ ಕಾಣಲೆಂದು, ಎದುರು ನಿಂತು ಹೊಡೆಸುತ್ತಿದ್ದವನು ನಾನೇ. ಬೇರೆಯವರ ಮೇಲೆ ಹೊರಿಸಿಕೊಂಡು ಬಂದಿದ್ದ ದೂರಿನ ಒಂದು ಪಾಲು ನನ್ನ ಹೆಗಲಿಗೇ ತಿರುಗಿ ಬಂತು.

ತುಕ್ಕನ್ನು ಕಾಗದದಿಂದ ಉಜ್ಜಿ, ಹೊಸ ಉಂಗುರ ಒತ್ತಿ, ತಿರುಪು ಬಿಗಿದು, ಮೇಲೆ ವ್ಯಾಸಲೀನು ಸವರಿದ. ಗುಂಡಿ ಒತ್ತಿದೆ. ‘ಟಕ್’ ಎಂದು ತಟ್ಟೆ ಅಂಟಿ ತಿರುಗಿತು. ಮುಂದಿನ ಬೀಸಣಿಗೆಯೂ ಹೊರಟಿತು. ಇನ್ನೂರು ರೂಪಾಯಿ ಕೇಳಿದ. ಸಂತೋಷದಿಂದ ಐನೂರು ಕೊಟ್ಟರೆ ಮುನ್ನೂರನ್ನು ಎಣಿಸಿ ಹಿಂದಕ್ಕಿಟ್ಟ. ಅಕ್ಕಿ ಹೆಚ್ಚು ತಂದ ಗಂಡನನ್ನು ಹಿಂದಿರುಗಿಸಿ ಕಳುಹಿದ ಆಯ್ದಕ್ಕಿ ಲಕ್ಕಮ್ಮನ ಕಥೆ ನಡೆದ ಕಲ್ಯಾಣ ಇದೇ ಸೀಮೆಯದೆಂಬುದು ಆಗ ನೆನಪಾಯಿತು.

ಹೊರಡುವಾಗ ಆತ ಹೇಳಿದ ಎರಡು ಎಚ್ಚರಿಕೆಗಳಿವು. ಫ್ಯೂಸು ಸುಟ್ಟರೆ ಅದರ ಜಾಗದಲ್ಲಿ ದಪ್ಪ ತಂತಿ ಕಟ್ಟಬಾರದು. ಕಾರಿಗೇ ಬೆಂಕಿ ಹತ್ತೀತು. ಒತ್ತಡದ ಸ್ವಿಚ್ಚನ್ನು ತಪ್ಪಿಸಿ ನೇರ ತಂತಿ ಜೋಡಿಸಿ ಓಡಿಸಬಾರದು. ಗ್ಯಾಸಿಲ್ಲದೆ ತಿರುಗಿದರೆ ಒಳ್ಳೆಯ ಕಂಪ್ರೆಸರೂ ಹಾಳಾದೀತು.

ಬಿಸಿಲಿನಲ್ಲಿ ಪರೀಕ್ಷೆ

“ಬಿಸಲಾಗ ಒಂದ್ ಸುತ್ತ ಹೊಡದು ಬರ್ರಿ, ಆಮ್ಯಾಲ ಹಿರಿಯಾರನ್ನ ಕೂಡಸ್ರಿ” ಎಂಬ ಆತನ ಮಾತಿನಂತೆ ಅದೇ ಮಧ್ಯಾಹ್ನ ನಾವಿಬ್ಬರೇ ಅದೇ ತಾಲೂಕಿನ ಜಲಸಂಗಿಗೆ ಹೋದೆವು. ಚಾಲುಕ್ಯರ ಕಾಲದ ಶಿವಾಲಯ. ಹೊರಗೋಡೆಯ ಮೇಲೆ ಸಾಲುಸಾಲಾಗಿ ಸುಂದರಿಯರು. ಅವರಲ್ಲಿ ಒಬ್ಬಳು ಬೆನ್ನು ತಿರುಗಿಸಿ ನಿಂತು ಕಲ್ಲಿನ ಮೇಲೆ ಬರೆಯುತ್ತಿದ್ದಾಳೆ. ಬರೆಯುತ್ತಿರುವುದು 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಪ್ರಶಸ್ತಿಯನ್ನು. ಅಷ್ಟು ಶತಮಾನಗಳ ಬಿಸಿಲಿಗೆ ಮೈಯೊಡ್ಡಿ ನಿಂತರೂ ಆಕೆಯ ಕೈಯ ಕೆಲಸ ನಿಂತಿಲ್ಲ. ಹಿಂದಿರುಗುವಾಗ ದಾರಿಯುದ್ದಕ್ಕೂ ನಮ್ಮ ಕಾರಿನ ಕೆಲಸವೂ ನಿಲ್ಲಲಿಲ್ಲ.

ಮರುದಿನ ಪೂಜೆ ಮುಗಿದು, ಬಿಸಿಲೇರಿದ ಮೇಲೆ, ಅಕ್ಕತಂಗಿಯರು ಹಿಂದಿನ ಸೀಟಿನಲ್ಲಿ ಕೂತರು. ಹುಮನಾಬಾದು ದಾಟಿತು, ಕಮಲಾಪುರ ಬಂತು. ತಂಪು ಹಾಗೆಯೇ ಇತ್ತು. ದೊಡ್ಡವ್ವ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡು, “ತಮ್ಮಾ, ಅದನ್ನ ಬಂದ್ ಮಾಡೋ, ಹಲ್ಲು ಕಟಕಟ ಅನ್ನಾಕತ್ತಾವ” ಎಂದಳು. ಗುಂಡಿ ಒತ್ತಿದೆ. ಬೆಲ್ಟು ಕಳಚಲು ಇಳಿಯಬೇಕಾಗಲಿಲ್ಲ.

ಶಸ್ತ್ರಕ್ರಿಯೆ ಸುಸೂತ್ರವಾಗಿ ಆಯಿತು. ಮಾರನೆಯ ದಿನ ಪಟ್ಟಿ ಬಿಚ್ಚಿದಾಗ ಎದುರಿಗೆ ಕೂತಿದ್ದವಳು ಅವ್ವ. ದೊಡ್ಡವ್ವ ಬಹಳ ಹೊತ್ತು ಆಕೆಯನ್ನು ನೋಡಿದಳು. ಆಮೇಲೆ, “ಎಷ್ಟ ಮುದುಕಿ ಆಗೀಯಲ್ಲೇ!” ಎಂದು, ನಕ್ಕು, ಅತ್ತಳು.