ತಪಸ್ಸುಕಾಲದ ಡಬ್ಬಿ

ನಾವಿಬ್ಬರೂ ಇದೇ ಶಾಲೆಯ ವಿದ್ಯಾರ್ಥಿಗಳು. ಅಕ್ಕ ಹತ್ತನೆಯ ತರಗತಿ, ತಮ್ಮ ಎಂಟನೆಯ ತರಗತಿ. ನಮ್ಮ ಮನೆಯ ಮಾತು ಕೊಂಕಣಿ. ನೆರೆಯವರೊಡನೆ ತುಳು, ಬಸ್ಸಿನಲ್ಲಿ ಮಲೆಯಾಳ, ಶಾಲೆಯಲ್ಲಿ ಕನ್ನಡ. ಆದುದರಿಂದ ಒಂದೇ ವಿಷಯಕ್ಕೆ ನಮ್ಮಲ್ಲಿ ಎರಡು ಮೂರು ಹೆಸರುಗಳಿರುವುದು ಹೊಸತಲ್ಲ. ಮನೆಯಲ್ಲಿ ನಾವು 'ಕರೆಜ್ಮ್' ಎನ್ನುವುದನ್ನೇ ಕನ್ನಡದಲ್ಲಿ ತಪಸ್ಸುಕಾಲ ಎನ್ನುತ್ತಾರೆ. "ಆಗ ನೀವು ಏನು ಬಿಡುತ್ತೀರಿ? ಯಾಕೆ ಬಿಡುತ್ತೀರಿ?" ಎಂದು ಗೆಳೆಯರು ಪ್ರತಿ ವರ್ಷವೂ ಕೇಳುತ್ತಾರೆ. ಒಂದು ಮಾತಿನಲ್ಲಿ ಉತ್ತರ ಹೇಳಲು ನಮ್ಮಿಂದ ಆಗಿಲ್ಲ. ಅದಕ್ಕಾಗಿ 2025ರಲ್ಲಿ ನಮ್ಮ ಮನೆಯಲ್ಲಿ ನಡೆದುದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಯೇಸುಸ್ವಾಮಿಯವರು ಮರುಭೂಮಿಯಲ್ಲಿ 40 ದಿನ ಉಪವಾಸವಿದ್ದರೆಂದು ಸುವಾರ್ತೆಗಳು ಹೇಳುತ್ತವೆ. ಆ ನೆನಪಿಗೆ ಪಾಸ್ಕ ಹಬ್ಬದ ಮೊದಲಿನ 40 ದಿನಗಳು ತಪಸ್ಸುಕಾಲ. ಆ ವರ್ಷ ಬೂದಿ ಬುಧವಾರ ಮಾರ್ಚ್ 5ರಂದು, ಪಾಸ್ಕ ಹಬ್ಬ ಎಪ್ರಿಲ್ 20ರಂದು ಬಂದಿತ್ತು. ಲೆಕ್ಕ ಹಾಕಿದರೆ ನಡುವೆ 46 ದಿನಗಳಾಗುತ್ತವೆ. ಅದರಲ್ಲಿ 6 ಭಾನುವಾರಗಳು. ಭಾನುವಾರ ಪುನರುತ್ಥಾನದ ದಿನವಾದ ಕಾರಣ ಅದನ್ನು ಉಪವಾಸದ ಲೆಕ್ಕಕ್ಕೆ ಸೇರಿಸುವುದಿಲ್ಲ. ಉಳಿಯುವುದು 40. ಈ ಭಾನುವಾರದ ಲೆಕ್ಕವನ್ನು ಓದುಗರು ನೆನಪಿಡಬೇಕು. ಮುಂದೆ ಅದೇ ನಮಗೆ ತೊಂದರೆ ಕೊಟ್ಟಿತು.

ಹಿಂದಿನ ವರ್ಷದ ಗರಿಗಳ ಭಾನುವಾರ ಮನೆಗೆ ತಂದು ದೇವರ ಪಟದ ಹಿಂದೆ ಸಿಕ್ಕಿಸಿದ ಗರಿ ಅಷ್ಟರಲ್ಲಿ ಒಣಗಿ ಹಳದಿಯಾಗಿರುತ್ತದೆ. ಅದನ್ನು ಇಗರ್ಜಿಗೆ ಮರಳಿ ಕೊಡುತ್ತೇವೆ. ಹಾಗೆ ಬಂದ ಗರಿಗಳನ್ನು ಸುಟ್ಟ ಬೂದಿಯಿಂದ ಬುಧವಾರ ಗುರುಗಳು ನಮ್ಮ ಹಣೆಗೆ ಶಿಲುಬೆಯ ಗುರುತು ಹಾಕುತ್ತಾರೆ. ಮನುಷ್ಯ ಮಣ್ಣು, ಮಣ್ಣಿಗೇ ಸೇರುವವನು ಎಂಬುದು ಅದರ ಅರ್ಥ. ಬೇಳದ ಶೋಕಮಾತೆಯ ಇಗರ್ಜಿಯಂತೆ ಮಂಗಳೂರು ಧರ್ಮಪ್ರಾಂತಕ್ಕೆ ಸೇರಿದ ಇಲ್ಲಿಯ ಇಗರ್ಜಿಗಳಲ್ಲೆಲ್ಲ ಹೀಗೆಯೇ. ನಮ್ಮ ಜಿಲ್ಲೆಯ ಪೂರ್ವದ ಗುಡ್ಡಗಾಡಿನಲ್ಲಿ ನೆಲೆಸಿದ ಸಿರೋ ಮಲಬಾರ್ ಸಭೆಯವರಿಗೆ ಮಾತ್ರ ಇದು ಎರಡು ದಿನ ಮೊದಲೇ, ಸೋಮವಾರವೇ ಆರಂಭ. ಅವರು ಅದನ್ನು ಐವತ್ತು ದಿನದ ನೋಂಬು ಎನ್ನುತ್ತಾರೆ.

ಕಟ್ಟಳೆ ಬಹಳ ಕಠಿಣವೇನಲ್ಲ. ಬೂದಿ ಬುಧವಾರ ಮತ್ತು ಶುಭ ಶುಕ್ರವಾರ, ಈ ಎರಡೇ ದಿನ ಉಪವಾಸ ಕಡ್ಡಾಯ. ಅದೂ 18 ವರ್ಷ ತುಂಬಿದವರಿಗೆ, 59 ತುಂಬುವವರೆಗೆ. 14 ತುಂಬಿದವರು ಆ ದಿನಗಳಲ್ಲೂ ಶುಕ್ರವಾರಗಳಲ್ಲೂ ಮಾಂಸ ತಿನ್ನಬಾರದು. ಆದರೆ ಕಟ್ಟಳೆಯಲ್ಲಿ ಇಲ್ಲದ ಇನ್ನೊಂದು ವಾಡಿಕೆ ಮನೆಮನೆಯಲ್ಲಿದೆ. ಪ್ರತಿಯೊಬ್ಬರೂ ತಮಗೆ ನಿತ್ಯ ಬೇಕಾದ ಒಂದನ್ನು ತಾವೇ ಆರಿಸಿ ಬಿಡುವುದು. ಅದರಿಂದ ಉಳಿದ ಹಣವನ್ನು ಇಲ್ಲದವರಿಗೆ ಕೊಡುವುದು.

ಆ ಮಂಗಳವಾರ ರಾತ್ರಿ ಅಜ್ಜಿ ಹಾಲಿನ ಪುಡಿಯ ಹಳೆಯ ಡಬ್ಬಿಯೊಂದನ್ನು ತಂದು, ಮುಚ್ಚಳದಲ್ಲಿ ಸೀಳು ಮಾಡಿಸಿ, ಮೇಜಿನ ಮೇಲಿಟ್ಟರು. ಅಕ್ಕ ಚಾದ ಸಕ್ಕರೆ ಬಿಡುತ್ತೇನೆಂದಳು. ತಮ್ಮ ಹಾಗಲಕಾಯಿ ಬಿಡುತ್ತೇನೆಂದು ಹೇಳಿ ಬೈಗುಳ ತಿಂದು, ಕೊನೆಗೆ ಮೊಬೈಲಿನ ಆಟ ಬಿಟ್ಟನು. ಅಮ್ಮ ಮಕ್ಕಳನ್ನು ಬೈಯುವುದನ್ನು ಬಿಡುತ್ತೇನೆಂದರು. ಅದು ಶುಕ್ರವಾರದವರೆಗೆ ನಡೆಯಿತು. ಎಲ್ಲರ ಬಳಿಕ ಅಪ್ಪ, "ನಾನು ಬೀಡಿ ಬಿಡುತ್ತೇನೆ" ಎಂದರು. ಯಾರೂ ಮಾತನಾಡಲಿಲ್ಲ. ಅಪ್ಪನಿಗೆ ದಿನಕ್ಕೆ ಒಂದು ಕಟ್ಟು ಬೇಕು. ರಾತ್ರಿ ಅವರು ಕೆಮ್ಮುವಾಗ ನಾವು ಪಕ್ಕದ ಕೋಣೆಯಲ್ಲಿ ಎಚ್ಚರವಿರುತ್ತಿದ್ದೆವು.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಅಮ್ಮ ಬೀಡಿ ಕಟ್ಟುತ್ತಾರೆ. ಈ ಊರಿನ ಅನೇಕ ಮನೆಗಳಂತೆ ನಮ್ಮಲ್ಲೂ ಜಗಲಿಯಲ್ಲಿ ಮೊರ, ಎಲೆ, ಕತ್ತರಿ, ನೂಲು ಯಾವಾಗಲೂ ಇರುತ್ತವೆ. ಕಟ್ಟಿದ್ದನ್ನು ಬ್ರಾಂಚಿಗೆ ಲೆಕ್ಕದಲ್ಲಿ ಒಪ್ಪಿಸಬೇಕು. ಬೀಡಿ ಬಿಟ್ಟ ಅಪ್ಪ ನೂರಾರು ಬೀಡಿಗಳ ಪಕ್ಕದಲ್ಲಿ ಕುಳಿತು ಚಾ ಕುಡಿಯಬೇಕಾಯಿತು.

ಮೊದಲನೆಯ ನಾಲ್ಕು ದಿನ ಅಪ್ಪ ಸಣ್ಣ ಮಾತಿಗೂ ಸಿಡುಕುತ್ತಿದ್ದರು. ಐದನೆಯ ದಿನ ಭಾನುವಾರ. ಪೂಜೆ ಮುಗಿಸಿ ಬಂದವರೇ, "ಭಾನುವಾರ ಲೆಕ್ಕಕ್ಕಿಲ್ಲವಷ್ಟೆ" ಎಂದು ಅಂಗಡಿಗೆ ಹೋಗಿ ಎರಡು ಸೇದಿ ಬಂದರು. ಲೆಕ್ಕ ಸರಿಯಾಗಿಯೇ ಇತ್ತು. ಆದರೂ ನಮಗೆ ಅಂದು ಊಟ ಸೇರಲಿಲ್ಲ. ಮುಂದಿನ ಭಾನುವಾರ ಅವರು ಅಂಗಡಿಗೆ ಹೋಗದೆ ಅಮ್ಮನ ಮೊರದಿಂದ ಒಂದು ಬೀಡಿ ಎತ್ತಿಕೊಂಡರು. ಅಮ್ಮ ತಲೆಯೆತ್ತದೆ, "ಅದು ಲೆಕ್ಕದ್ದು" ಎಂದರು. ಅಪ್ಪ ಅದನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ಸಂಜೆಯವರೆಗೆ ತೋಟದಲ್ಲಿ ತಿರುಗಾಡಿದರು. ರಾತ್ರಿ ನೋಡಿದರೆ ಬೀಡಿ ಮರಳಿ ಮೊರದಲ್ಲಿತ್ತು.

ಆ ವರ್ಷ ರಂಜಾನಿನ ಉಪವಾಸವೂ ಅದೇ ವಾರ ಆರಂಭವಾಗಿತ್ತು. ಬಿಸಿಲಿನಲ್ಲಿ ನೀರೂ ಕುಡಿಯದೆ ಪರೀಕ್ಷೆ ಬರೆಯುತ್ತಿದ್ದ ಗೆಳತಿಯ ಪಕ್ಕದಲ್ಲಿ ಕುಳಿತಾಗ ಅಕ್ಕನಿಗೆ ತನ್ನ ಸಕ್ಕರೆಯ ತ್ಯಾಗ ಬಹಳ ಸಣ್ಣದೆನಿಸಿತು. ಈದ್ ದಿನ ಆ ಗೆಳತಿಯ ಮನೆಗೆ ಹೋದಾಗ ಸಕ್ಕರೆ ಹಾಕಿದ ಚಾ ಬಂತು. ಬೇಡವೆನ್ನಲಾಗದೆ ಅಕ್ಕ ಕುಡಿದಳು. ಮನೆಗೆ ಬಂದು ವ್ರತ ಕೆಟ್ಟಿತೆಂದು ಅತ್ತಳು. ಅಜ್ಜಿ ನಕ್ಕರು. "ಉಪವಾಸ ಮಾಡುವವನು ಮುಖ ತೊಳೆದು ನಗುನಗುತ್ತಾ ಇರಲಿ, ಜನರಿಗೆ ತೋರಿಸಬೇಡ ಎಂದು ಸ್ವಾಮಿಯವರೇ ಹೇಳಿದ್ದಾರೆ. ಹಬ್ಬದ ಮನೆಯಲ್ಲಿ ಕೊಟ್ಟದ್ದನ್ನು ತಳ್ಳಿ ನಿನ್ನ ವ್ರತ ಸಾರಿದ್ದರೆ ಅದು ಕೆಡುತ್ತಿತ್ತು" ಎಂದರು. ನೆರೆಮನೆಯ ಮಾವನೂ ಇದನ್ನು ಒಪ್ಪಿದರು. ಅವರು ಪ್ರತಿ ವರ್ಷ ಶಬರಿಮಲೆಗೆ 41 ದಿನದ ವ್ರತ ಹಿಡಿಯುವವರು. "ಹಿಡಿಯುವುದು ಕಷ್ಟವಲ್ಲ ಮಕ್ಕಳೇ, ಮಾಲೆ ತೆಗೆದ ಮರುದಿನವೇ ಕಷ್ಟ" ಎಂದು ಅವರು ಹೇಳಿದ ಮಾತು ನಮ್ಮ ಮನಸ್ಸಿನಲ್ಲಿ ಉಳಿಯಿತು.

ನಮ್ಮ ಭಯವೂ ಅದೇ ಆಗಿತ್ತು. ಪಾಸ್ಕ ಹಬ್ಬ ಎಂದರೆ ಎಲ್ಲ ಮಕ್ಕಳೂ ದಿನ ಎಣಿಸುತ್ತಾರೆ. ನಾವು ಆ ವರ್ಷ ಹಬ್ಬ ತಡವಾಗಲಿ ಎಂದು ಬಯಸಿದೆವು. ಶುಕ್ರವಾರಗಳಲ್ಲಿ ಶಿಲುಬೆ ಹಾದಿಯ 14 ಠಾಣೆಗಳ ಮುಂದೆ ಮೊಣಕಾಲೂರುವಾಗ ನಮ್ಮ ಪ್ರಾರ್ಥನೆಯೆಲ್ಲ ಒಂದೇ ಆಗಿತ್ತು.

ನಡುವೆ ಒಂದು ದಿನ ತಮ್ಮ ಅಮ್ಮನನ್ನು ಕೇಳಿದನು: "ಅಪ್ಪ ಸೇದದಿದ್ದರೆ ನಮಗೆ ಸಂತೋಷ. ನೀನು ಕಟ್ಟಿದ್ದನ್ನು ಸೇದುವವರ ಮನೆಯಲ್ಲೂ ಮಕ್ಕಳಿರುತ್ತಾರಲ್ಲ?" ಅಮ್ಮನ ಕೈ ಒಂದು ಕ್ಷಣ ನಿಂತಿತು. "ಇದನ್ನೂ ಬಿಡಬಹುದು. ಅಕ್ಕಿ ಎಲ್ಲಿಂದ ಬರುತ್ತದೆ, ನೀನೇ ಹೇಳು" ಎಂದು ಮತ್ತೆ ನೂಲು ಸುತ್ತಿದರು. ಅದಕ್ಕೆ ಉತ್ತರ ನಮ್ಮಲ್ಲಿ ಇರಲಿಲ್ಲ. ಇಂದಿಗೂ ಇಲ್ಲ. ಬಿಡುವುದಕ್ಕೂ ಸ್ವಲ್ಪ ಅನುಕೂಲ ಬೇಕು, ಎಲ್ಲರಿಗೂ ಅದು ಇರುವುದಿಲ್ಲ ಎಂಬುದು ಮಾತ್ರ ಅಂದು ತಿಳಿಯಿತು.

ಪವಿತ್ರ ಶನಿವಾರ ಡಬ್ಬಿ ಒಡೆದೆವು. 1,110 ರೂಪಾಯಿ ಇತ್ತು. ಬಹುಪಾಲು ಅಪ್ಪನ ಬೀಡಿಯದು. ಭಾರತದ ಕಥೋಲಿಕ ಸಭೆಯ ಸೇವಾಸಂಸ್ಥೆಯಾದ ಕಾರಿತಾಸ್ ಇಂಡಿಯಾ ಪ್ರತಿ ವರ್ಷ ತಪಸ್ಸುಕಾಲದಲ್ಲಿ ಹಸಿವು ಮತ್ತು ರೋಗದ ವಿರುದ್ಧ ನಿಧಿ ಕೂಡಿಸುತ್ತದೆ. ಹಣವನ್ನು ಅದಕ್ಕೆಂದು ಇಗರ್ಜಿಯಲ್ಲಿ ಕೊಟ್ಟೆವು. ಅಂದು ರಾತ್ರಿ ಹೊಸ ಬೆಂಕಿಯಿಂದ ಪಾಸ್ಕದ ಮೇಣದ ಬತ್ತಿ ಹಚ್ಚಿದರು. ಗುರುವಾರದಿಂದ ಮೌನವಾಗಿದ್ದ ಗಂಟೆಗಳು ಬಾರಿಸಿದವು.

ಹಬ್ಬದ ಸಂಜೆ ಅಪ್ಪ ಅಂಗಳದ ಹಲಸಿನ ಮರದ ಕೆಳಗೆ ಕುಳಿತು ಒಂದು ಬೀಡಿ ಹಚ್ಚಿದರು. ತಮ್ಮ ಊಟ ಮಾಡದೆ ಮಲಗಿದನು. ಅಕ್ಕ ಒಳಗಿನಿಂದಲೇ ನೋಡಿದಳು. ಅಪ್ಪನಿಗೆ ಎಲ್ಲವೂ ತಿಳಿದಿತ್ತು. ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಅಮ್ಮ ಡಬ್ಬಿಯನ್ನು ಗುಜರಿಗೆ ಹಾಕಲು ಹೊರಟಾಗ, "ಅದು ಅಲ್ಲೇ ಇರಲಿ" ಎಂದು ಅರ್ಧ ಕಟ್ಟು ಬೀಡಿಯ ಹಣವನ್ನು ಅದರೊಳಗೆ ಹಾಕಿದರು.

ಈಗ ಅಪ್ಪನಿಗೆ ಒಂದು ಕಟ್ಟು ನಾಲ್ಕು ದಿನ ಬರುತ್ತದೆ. ಪೂರ್ತಿ ಬಿಟ್ಟರೆಂದು ಬರೆದಿದ್ದರೆ ಈ ಲೇಖನ ಹೆಚ್ಚು ಚೆನ್ನಾಗುತ್ತಿತ್ತು. ಆದರೆ ಅದು ಸುಳ್ಳಾಗುತ್ತಿತ್ತು. ತಮ್ಮ ಹಬ್ಬದ ಮರುದಿನವೇ ಮೊಬೈಲು ಹಿಡಿದನು. ಅಕ್ಕನಿಗೆ ಮಾತ್ರ ಈಗ ಸಕ್ಕರೆ ಹಾಕಿದ ಚಾ ರುಚಿಸುವುದಿಲ್ಲ. ರಾತ್ರಿಯ ಕೆಮ್ಮು ಕಡಿಮೆಯಾಗಿದೆ.

ಗೆಳೆಯರ ಪ್ರಶ್ನೆಗೆ ನಮಗೆ ತಿಳಿದ ಉತ್ತರ ಇಷ್ಟೇ. ನಲವತ್ತು ದಿನದಲ್ಲಿ ಅಭ್ಯಾಸ ಸಾಯುವುದಿಲ್ಲ. ಅದು ನಮ್ಮನ್ನು ಎಷ್ಟು ಬಿಗಿಯಾಗಿ ಹಿಡಿದಿದೆಯೆಂದು ಗೊತ್ತಾಗುತ್ತದೆ. ಹಿಡಿತ ಸ್ವಲ್ಪ ಸಡಿಲವಾಗುತ್ತದೆ. ಆ ಸಡಿಲಿನಲ್ಲಿ ಇನ್ನೊಬ್ಬರಿಗೆ ಒಂದು ತುತ್ತು ಹೋಗುತ್ತದೆ. ಮುಂದಿನ ಬೂದಿ ಬುಧವಾರ ಏನು ಬಿಡುವರೆಂದು ಅಪ್ಪ ಇನ್ನೂ ಹೇಳಿಲ್ಲ. ನಾವೂ ಕೇಳಿಲ್ಲ. ಡಬ್ಬಿಯನ್ನು ಮಾತ್ರ ಒರೆಸಿ ಕಪಾಟಿನ ಮೇಲೆ ಇಟ್ಟಿದ್ದೇವೆ.