ಸಿ.ವಿ. ರಾಮನ್ ನಗರದ ದೀಪವೃಕ್ಷಗಳು

ಕಳೆದ ಕಾರ್ತಿಕಮಾಸದಲ್ಲಿ ಮಿತ್ರರೊಬ್ಬರ ಆಮಂತ್ರಣವನ್ನು ಮನ್ನಿಸಿ ನಾವು ಬೆಂಗಳೂರಿನ ಸಿ.ವಿ. ರಾಮನ್ ನಗರಕ್ಕೆ ಹೋಗಿದ್ದೆವು. ಹಲಸೂರು, ಇಂದಿರಾನಗರಗಳನ್ನು ದಾಟಿ ಪೂರ್ವಕ್ಕೆ ಸಾಗಿದರೆ ಈ ಬಡಾವಣೆಯು ದೊರೆಯುವುದು. ಬೆಳಕಿನ ಚದರಿಕೆಯನ್ನು ಕುರಿತ ಶೋಧನೆಗಾಗಿ ೧೯೩೦ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಮಹನೀಯರ ಹೆಸರನ್ನು ಹೊತ್ತ ಈ ಸ್ಥಳದಲ್ಲಿ ನಮಗೆ ದೊರೆತ ಪಾಠವೂ ದೀಪವನ್ನು ಕುರಿತದ್ದೇ ಆಯಿತು.

ಮಿತ್ರರ ಹಜಾರದಲ್ಲಿ ಫ್ರಾನ್ಸ್ ದೇಶದ ಎರಡು ಕಂಚಿನ ದೀಪಸ್ತಂಭಗಳಿದ್ದುವು. ದಂಡಿನ ಪ್ರದೇಶದ ಹಳೆಯ ಬಂಗಲೆಯೊಂದರ ಸಾಮಾನುಗಳು ಮಾರಾಟವಾದಾಗ ಅವರ ತಂದೆಯವರು ಕೊಂಡು ತಂದವುಗಳಂತೆ. ಒಂದೊಂದಕ್ಕೂ ಐದೈದು ಕೊಂಬೆಗಳು. ಕೊಂಬೆಯ ತುದಿಯಲ್ಲಿ ಮೇಣದ ಬತ್ತಿಯನ್ನಿಡುವ ಬಟ್ಟಲು. ಸಂಸ್ಕೃತದ ‘ದೀಪವೃಕ್ಷ’ವೆಂಬ ಮಾತು ಇವಕ್ಕೆ ಚೆನ್ನಾಗಿ ಒಪ್ಪುವುದು. ಎಲೆ, ಬಳ್ಳಿ, ಚಿಪ್ಪುಗಳು ಸುಳಿಸುಳಿಯಾಗಿ ಮೇಲೇರುವ ಈ ಶೈಲಿಗೆ ರೊಕೊಕೊ ಎಂದು ಹೆಸರು. ಹದಿನೈದನೆಯ ಲೂಯಿ ದೊರೆಯ ಕಾಲದಲ್ಲಿ (೧೭೧೫–೧೭೭೪) ಅರಳಿದ ಇದು ಹತ್ತೊಂಬತ್ತನೆಯ ಶತಮಾನದಲ್ಲಿ ಪುನಃ ಚಿಗುರಿತು.

ಆದರೆ ಜೋಡಿಯಲ್ಲಿ ಒಂದು ಮಾತ್ರ ಹೊನ್ನಿನಂತೆ ಬೆಳಗುತ್ತಿತ್ತು. ಮತ್ತೊಂದರಲ್ಲಿ ಹೊನ್ನು ಅಳಿದು ಬರಿಯ ಕಂಚು ಇಣುಕುತ್ತಿತ್ತು. ಮಿತ್ರರ ವೃದ್ಧಮಾತೆಯವರು ದೀಪಾವಳಿಗೆಂದು ಅದನ್ನು ಹಿತ್ತಾಳೆಯ ದೀಪವೆಂದೇ ಬಗೆದು ಹುಣಿಸೆಹಣ್ಣು, ಬೂದಿಗಳಿಂದ ಉಜ್ಜಿದ್ದರು. “ಯಜಮಾನರು ಆಸೆಪಟ್ಟು ತಂದದ್ದನ್ನು ನನ್ನ ಕೈಯಾರೆ ಕೆಡಿಸಿದೆ” ಎಂದು ಆ ತಾಯಿ ಕಣ್ಣೊರೆಸಿಕೊಂಡರು.

ಆ ಹೊನ್ನಿನ ಪದರವಾದರೋ ಬಹು ತೆಳುವಾದುದು. ಪೂರ್ವದಲ್ಲಿ ಚಿನ್ನವನ್ನು ಪಾದರಸದೊಡನೆ ಬೆರೆಸಿ, ಆ ಪಿಷ್ಟವನ್ನು ಕಂಚಿಗೆ ಬಳಿದು ಕಾಯಿಸುತ್ತಿದ್ದರು. ಪಾದರಸವು ಆವಿಯಾಗಿ ಹೋಗಿ ಚಿನ್ನವು ಉಳಿಯುತ್ತಿತ್ತು. ಆ ಆವಿಯನ್ನು ಸೇವಿಸಿದ ಕೆಲಸಗಾರರಿಗೆ ಕೈಕಾಲು ನಡುಗುವ ವ್ಯಾಧಿ ತಗಲುತ್ತಿತ್ತು. ಅನೇಕರ ಆಯುಸ್ಸೂ ಕುಂದುತ್ತಿತ್ತು. ಪ್ಯಾರಿಸ್ಸಿನ ರಾವ್ರಿಯೊ ಎಂಬ ಕಂಚಿನ ಶಿಲ್ಪಿಯು ೧೮೧೪ರಲ್ಲಿ ತೀರಿಕೊಂಡಾಗ, ಈ ವಿಪತ್ತಿಗೆ ಪರಿಹಾರ ಕಾಣುವವರಿಗೆಂದು ೩೦೦೦ ಫ್ರಾಂಕುಗಳನ್ನು ಬಿಟ್ಟುಹೋದನು. ದಾರ್ಸೆ ಎಂಬ ರಸಾಯನಜ್ಞನು ಆವಿಯನ್ನು ಹೊರಗೆ ಸೆಳೆದೊಯ್ಯುವ ಒಲೆಯನ್ನು ರಚಿಸಿ ಆ ಬಹುಮಾನವನ್ನು ಪಡೆದನು. ೧೮೪೦ರ ತರುವಾಯ ವಿದ್ಯುಚ್ಛಕ್ತಿಯಿಂದ ಚಿನ್ನವನ್ನು ಲೇಪಿಸುವ ಕ್ರಮವು ಹರಡಿತು.

ಯಾವ ಕ್ರಮದ ಲೇಪವೇ ಆಗಲಿ, ಹುಳಿಗೂ ಬೂದಿಗೂ ತಾಳಲಾರದು. ಇಂತಹ ವಸ್ತುವುಳ್ಳ ಗೃಹಸ್ಥರು ಅದರ ಧೂಳನ್ನು ಮೃದುವಾದ ಒಣ ಕುಂಚದಿಂದ ತೆಗೆದರೆ ಸಾಕು. ಅಂಟಿದ ಮೇಣವನ್ನು ಚಾಕುವಿನಿಂದ ಕೆರೆಯಲೇಬಾರದು.

ಕೆಟ್ಟುದನ್ನು ಅಟ್ಟಕ್ಕೆ ಸೇರಿಸುವೆನೆಂದು ಆ ತಾಯಿ ಹೇಳಿದಾಗ ನಾವು ತಡೆದೆವು. ಚಿನ್ನವನ್ನು ಕೂರಿಸಿದ ಕೈಗಳೂ, ಅದನ್ನು ಬೆಳಗಹೊರಟ ಕೈಗಳೂ ಶ್ರಮಿಸಿದ್ದು ಬೆಳಕಿಗಾಗಿಯೇ ಅಲ್ಲವೆ? ಆ ಸಂಜೆ ಎರಡರಲ್ಲಿಯೂ ಬತ್ತಿಗಳನ್ನು ಹಚ್ಚಲಾಯಿತು. ದೀಪ ಬೆಳಗಿದ ಮೇಲೆ ಯಾವುದು ಕೆಟ್ಟುದೆಂದು ಮನೆಯ ಮಕ್ಕಳು ಕೇಳಲೇ ಇಲ್ಲ.