ನನಗೆ ಬರತಕ್ಕಂತಹ ಒಂದು ಸಿಟ್ಟು

ಮೊನ್ನೆ ಟೀವಿಯಲ್ಲಿ ವರದಿಗಾರನೊಬ್ಬ ಮಳೆಯಲ್ಲಿ ಕೊಡೆ ಹಿಡ್ಕೊಂಡು ನಿಂತಿದ್ದ. "ಇಲ್ಲಿ ಒಂದು ಮಳೆ ಏನಿದೆ, ಸುರೀತಿರುವಂತಹದ್ದು, ಒಂದು ರಸ್ತೆಯಲ್ಲಿ ನೀರು ನಿಂತಿರತಕ್ಕಂತಹದ್ದನ್ನ ನಾವುಗಳು ನೋಡಬಹುದು..."

"ಮಳೆ ಬರ್ತಿದೆ, ರಸ್ತೇಲಿ ನೀರು ನಿಂತಿದೆ ಅನ್ನೋ ಮಾರಾಯ!" ಅಂತ ಕಿರುಚಿದೆ. ಅಡುಗೆಮನೆಯಿಂದ ಅಮ್ಮ, "ನೆನೀತಿರೋನು ಅವ್ನು, ನಿಂಗ್ಯಾಕೋ ನೆಗಡಿ?" ಅಂದ್ರು.

ನಿಮಗೂ ಹೀಗಾಗುತ್ತಾ? 'ಅಂತಹ' ಅನ್ನೋದು ಹೋಲಿಕೆಯ ಪದ. 'ಹುಲಿಯಂತಹ ಮನುಷ್ಯ' ಅಂದ್ರೆ ಸರಿ. 'ಬರುವ ಬಸ್ಸು' ಅಂದ್ರೆ ಮುಗೀತು. 'ಬರುವಂತಹ ಬಸ್ಸು' ಅಂದ್ರೆ ಅದು ಬರುತ್ತೋ ಇಲ್ವೋ ಅಂತ ನಂಗೆ ಅನುಮಾನ ಶುರು. 'ತಕ್ಕ' ಅಂದ್ರೆ ಯೋಗ್ಯ. ಹಾಗಾದ್ರೆ 'ನೀರು ನಿಂತಿರತಕ್ಕ ರಸ್ತೆ' ಅಂದ್ರೆ ನೀರು ನಿಲ್ಲೋಕೆ ಯೋಗ್ಯವಾದ ರಸ್ತೆ! (ಬೆಂಗಳೂರಿನ ಮಟ್ಟಿಗೆ ಇದು ತಪ್ಪಲ್ಲ ಬಿಡಿ.) ಇನ್ನು 'ನಾವುಗಳು', 'ನೀವುಗಳು'... ಬಹುವಚನದ ಮೇಲೊಂದು ಬಹುವಚನ. ಛತ್ರದ ಬಾಗಿಲಲ್ಲಿ 'ಹಾರ್ಧಿಕ ಸ್ವಾಗತ' ಅಂತ ಸುಮ್ಸುಮ್ನೆ ಹೊಟ್ಟೆ ಸೀಳಿಸಿಕೊಂಡ 'ದ'ಕಾರ ನೋಡಿದ್ರೆ ಊಟವೇ ರುಚಿಸಲ್ಲ.

ಇಷ್ಟೆಲ್ಲಾ ಮಾತಾಡೋ ನಾನು ಕಳೆದ ವಾರ ನಮ್ಮ ಟೀಮ್ ಮೀಟಿಂಗಿನ ರೆಕಾರ್ಡಿಂಗ್ ಕೇಳಿದೆ. ನಲವತ್ತು ನಿಮಿಷದಲ್ಲಿ ನಾನು 'ಬೇಸಿಕಲಿ' ಅಂದದ್ದು ಮೂವತ್ತೊಂದು ಸಲ. 'ಆಕ್ಚುಲಿ' ಎಣಿಸೋ ಧೈರ್ಯ ಬರ್ಲಿಲ್ಲ. ಆ ವರದಿಗಾರನಿಗೆ ಕಿವಿಯೊಳಗೆ ಯಾರೋ "ಎಳಿ, ಇನ್ನೂ ಎಳಿ" ಅಂತಿರ್ತಾರೆ. ನಂಗೆ ಯಾರೂ ಅನ್ನಲ್ಲ.

ಆದ್ರೆ ನಿಜಕ್ಕೂ ಚುಚ್ಚೋದು ಇದಲ್ಲ.

ಇಂಜಿನಿಯರಿಂಗ್ ಓದುವಾಗ ಮಂಡ್ಯ ಕಡೆಯವನೊಬ್ಬ ನನ್ನ ರೂಮ್‌ಮೇಟ್. 'ಹಾಸನ'ಕ್ಕೆ 'ಆಸನ', 'ಹಬ್ಬ'ಕ್ಕೆ 'ಅಬ್ಬ' ಅಂತಿದ್ದ. ನಾನು ಪ್ರತೀ ಸಲ ತಿದ್ದುತ್ತಿದ್ದೆ, ನಾಲ್ಕು ಜನರ ಎದುರಿಗೂ. ಎರಡನೇ ಸೆಮಿಸ್ಟರಿಗೆ ಬರೋಷ್ಟರಲ್ಲಿ ಅವನು ನನ್ನ ಹತ್ರ ಇಂಗ್ಲಿಷಲ್ಲೇ ಮಾತಾಡೋಕೆ ಶುರು ಮಾಡಿದ. ಇಂಗ್ಲಿಷ್ ಸುಧಾರಿಸಿಕೊಳ್ತಿದ್ದಾನೆ ಅಂದ್ಕೊಂಡೆ. ನಿಜವಾಗ್ಲೂ ಹಾಗೇ ಅಂದ್ಕೊಂಡಿದ್ದೆ.

ಆಮೇಲೆ ಗೊತ್ತಾಗಿದ್ದು: ನಾನು ಕಾಪಾಡ್ತಿದ್ದ ಆ ಹಕಾರವೇ ಎಷ್ಟೋ ಕನ್ನಡ ಪದಗಳಿಗೆ ಆಮೇಲೆ ಬಂದಿದ್ದು. ಹಳಗನ್ನಡದ 'ಪಾಲ್' ನಮ್ಮ 'ಹಾಲು' ಆಯ್ತು, 'ಪುಲಿ' 'ಹುಲಿ' ಆಯ್ತು. 'ಪ' ಸವೆದು 'ಹ' ಆಯ್ತು, ಆ 'ಹ'ವೂ ಸವೆದರೆ 'ಆಲು'. ಅವನ ಊರಿನ ಬಾಯಿ ಅದೇ ದಾರೀಲಿ ನಮಗಿಂತ ಒಂದು ಹೆಜ್ಜೆ ಮುಂದೆ ಹೋಗಿದೆ ಅಷ್ಟೆ. 'ಪಾಲ್' ಅಂತಿದ್ದ ಅಜ್ಜ ಯಾರಾದ್ರೂ ಬಂದು ನನ್ನ 'ಹಾಲು' ಕೇಳಿದ್ರೆ ಬೆತ್ತ ಹುಡುಕ್ತಿದ್ನೋ ಏನೋ.

ಹೋದ ತಿಂಗಳು ಅವನ ಮನೆ ಗೃಹಪ್ರವೇಶ. ಹೋಗಿದ್ದೆ. ಅವನವ್ವ ದೊಡ್ಡ ಲೋಟ ತಂದು ಕೈಗಿಟ್ಟು, "ತಕಳಪ್ಪ, ಬಿಸಿ ಆಲು ಕುಡಿ, ದೂರದಿಂದ ಬಂದಿದ್ದೀಯ" ಅಂದ್ರು.

ನಾನು ಬಾಯೇ ತೆಗೆದಿರಲಿಲ್ಲ. ಅವನು ಪಕ್ಕದಿಂದ ನನ್ನ ಮುಖ ನೋಡಿ, ಮೆಲ್ಲಗೆ, "ಹಾಲು ಅನ್ನವ್ವ" ಅಂದ.